ಹುಣಸೆಮರದ ಆಚೆಯ ಬಡಿತ

ಸ್ಯಾನ್ ಫರ್ನಾಂಡೊ, ಟ್ರಿನಿಡಾಡ್
12-1-2004

ಅಪ್ಪನಿಗೆ,

ಚೆನ್ನಾಗಿದ್ದೇನೆ. ಊಟ ಸೇರುತ್ತಿದೆ, ಆಸ್ಪತ್ರೆಯ ಕೆಲಸ ಕೈಗೆ ಹತ್ತಿದೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಮಿಕ್ಕದ್ದನ್ನು ನೀನು ಕನ್ನಡಕ ಒರೆಸಿಕೊಂಡು ಸಮಾಧಾನವಾಗಿ ಓದುತ್ತೀ ಎಂದು ಗೊತ್ತು.

ನರ್ಸಾಗಿ ಈ ದ್ವೀಪಕ್ಕೆ ಬಂದು ಎಂಟು ತಿಂಗಳಾಯಿತು. ಆರು ತಿಂಗಳ ಹಿಂದೆ ನಮ್ಮ ವಾರ್ಡಿಗೆ ಸೊಂಟದ ಮೂಳೆ ಮುರಿದುಕೊಂಡ ಮುದುಕನೊಬ್ಬ ಬಂದ. ಹೆಸರು ಡೆಸ್ಮಂಡ್. ಇಡೀ ದಿನ ಚಮಚದಿಂದ ಮಂಚದ ಕಂಬಿಯನ್ನು ಬಡಿಯುತ್ತಿದ್ದ. ಉಳಿದ ನರ್ಸುಗಳು ಗದರಿಸಿದರು. ನಾನು ಬ್ಯಾಂಡೇಜು ಬಿಚ್ಚುತ್ತಿದ್ದವಳು ಟ್ರೇ ಮೇಲೆ ಕತ್ತರಿಯಿಂದ ಹಾಗೇ ಒಂದು ಉತ್ತರ ಕೊಟ್ಟೆ. ಅವನ ಚಮಚ ನಿಂತಿತು. "ಇದು ಎಲ್ಲಿಯದು?" ಎಂದು ಕೇಳಿದ. "ನಮ್ಮಪ್ಪನದು" ಎಂದೆ.

ಅವನು ಸ್ಟೀಲ್ ಪ್ಯಾನ್ ಮಾಡುವವನು. ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ತಗ್ಗು ಮಾಡುತ್ತಾನೆ. ಆ ತಗ್ಗಿನಲ್ಲಿ ಒಂದೊಂದು ಜಾಗ ಮುಟ್ಟಿದರೆ ಒಂದೊಂದು ಸ್ವರ. ಅವನದೊಂದು ಜಾಸ್ ಗುಂಪಿದೆ: ಪಿಯಾನೊ, ಸ್ಯಾಕ್ಸೊಫೋನು, ಡ್ರಮ್ಸು, ಇವನ ಪ್ಯಾನು. ಜಾಸ್ ಎಂದರೆ ಎಲ್ಲರೂ ಒಂದೇ ಹಾಡಿನಲ್ಲಿ ಹೊರಡುತ್ತಾರೆ, ನಡುವೆ ಒಬ್ಬೊಬ್ಬರೇ ಮನಸ್ಸು ಬಂದ ಕಡೆ ಅಲೆದು ಮತ್ತೆ ಬಂದು ಕೂಡಿಕೊಳ್ಳುತ್ತಾರೆ. ಅವನಿಗೆ ಮೂಳೆ ಕೂಡಿಕೊಂಡ ಮೇಲೆ ಭಾನುವಾರಗಳಲ್ಲಿ ಅವರ ಅಂಗಳಕ್ಕೆ ಹೋಗತೊಡಗಿದೆ.

ಅಲ್ಲಿಗೆ ತಾಸಾ ಎಂಬ ಚರ್ಮವಾದ್ಯದವರೂ ಬರುತ್ತಾರೆ. ನೂರೈವತ್ತು ವರ್ಷದ ಕೆಳಗೆ ಕಬ್ಬಿನ ತೋಟದ ಕೂಲಿಗೆಂದು ನಮ್ಮ ದೇಶದಿಂದ ಹಡಗು ಹತ್ತಿದವರ ಮರಿಮೊಮ್ಮಕ್ಕಳು. ಬಾರಿಸುವ ಮೊದಲು ಬೆಂಕಿ ಹಾಕಿ ತಾಸಾ ಕಾಯಿಸಿದರು ನೋಡು, ಆ ಕಾದ ಚರ್ಮದ ವಾಸನೆಗೆ ನನ್ನ ಕಾಲು ಅಲ್ಲೇ ನಿಂತವು. ನಮ್ಮ ಹಿತ್ತಲಲ್ಲಿ ನೀನು ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದದ್ದು ಇದೇ ತರಹ ಅಲ್ಲವಾ? ನನ್ನ ಕೈಗೆ ನೀನು ಎಂದೂ ಕಡ್ಡಿ ಕೊಡಲಿಲ್ಲ. ನಾನು ರಾಗಿ ಡಬ್ಬದ ಮುಚ್ಚಳದ ಮೇಲೆ ಕದ್ದು ಕಲಿತವಳು. ಅವತ್ತು ಅವರ ತಾಸಾ ಇಸಿದುಕೊಂಡು ನೀನು ಸಾವಿನ ಮನೆಗಳಿಗೆ ಬಾರಿಸುತ್ತಿದ್ದ ಬಡಿತ ಬಾರಿಸಿದೆ. ಡೆಸ್ಮಂಡ್ ಪ್ಯಾನಿನಲ್ಲಿ ಬಂದು ಸೇರಿದ, ಹಿಂದೆಯೇ ಸ್ಯಾಕ್ಸೊಫೋನು ಬಂತು.

ಈಗ ಅದು ಹನ್ನೊಂದು ನಿಮಿಷದ ಒಂದು ರಚನೆ ಆಗಿದೆ. ಹೆಸರು 'ಚಿಕ್ಕಮಾದಮ್ಮ'. ತೀರಿಹೋದ ಅವ್ವನಿಗಾಗಿ. ಆಗಸ್ಟ್ ಒಂದು, ಇಲ್ಲಿ ಗುಲಾಮಗಿರಿ ತೊಲಗಿದ ದಿನ, ದೊಡ್ಡ ಮೈದಾನದಲ್ಲಿ ನುಡಿಸುತ್ತೇವೆ. ಕ್ಯಾಸೆಟ್ ಕಳಿಸಿದ್ದೇನೆ. ಕೇಳಿ ಬರಿ.

ನಿನ್ನ ಮಗಳು
ಕೋಮಲ


ನಂಜನಗೂಡು
9-2-2004

ಕೋಮಲಗೆ,

ನಿನ್ನ ಕಾಗದ ಬಂದಾಗ ಹಾಸ್ಟೆಲಿನಲ್ಲಿ ಮುದ್ದೆ ಕಟ್ಟುತ್ತಿದ್ದೆ. ಕೈ ತೊಳೆದುಕೊಂಡು ಓದಿದೆ. ಓದಿ ಬಂದು ಮತ್ತೆ ಕಟ್ಟಲು ಕೂತರೆ ಸಿಟ್ಟೆಲ್ಲ ಕೈಗಿಳಿದು ಮುದ್ದೆಗಳು ಕಲ್ಲಾದವು. ಹುಡುಗರು ನನಗೆ ಬೈದರು. ನಾನು ನಿನಗೆ ಬೈಯುತ್ತಿದ್ದೇನೆ.

ಕ್ಯಾಸೆಟ್ ಕೇಳಿಲ್ಲ. ಕೇಳುವುದೂ ಇಲ್ಲ.

ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ. ತೊಂಬತ್ಮೂರರಲ್ಲಿ ನೀನು ಎಸ್ಸೆಸ್ಸೆಲ್ಸಿ ಪಾಸಾದ ದಿನ. ನಮ್ಮ ಕೇರಿಯಲ್ಲಿ ಮೊದಲು ಪಾಸಾದ ಹೆಣ್ಣುಮಗಳು ನೀನು. ನರಸೀಪುರಕ್ಕೆ ಹೋಗಿ ಬತ್ತಾಸು ತರೋಣ ಎಂದು ಚಡ್ಡಿಯ ಮೇಲೆ ಪಂಚೆ ಉಟ್ಟುಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡಮನೆಯಿಂದ ಆಳು ಬಂತು, ಯಜಮಾನರು ಹೋದರು, ತಮಟೆ ತಗೊಂಡು ಬಾ ಎಂದು. ಒಂದು ಗಳಿಗೆ ತಡೀರಪ್ಪ, ಮಗಳು ಪಾಸಾಗವ್ಳೆ ಎಂದೆ. "ನಿನ್ ಮಗ್ಳು ಪಾಸಾದ್ರೆ ಎಣ ಕಾಯ್ತದೇನ್ಲಾ?" ಎಂದ. ಹೋದೆ. ಎರಡು ದಿನ ಬಾರಿಸಿದೆ. ಮೂರನೆಯ ದಿನ ಕಟ್ಟೆಯ ಮುಂದೆ ನಿಂತು ಎಲ್ಲರ ಎದುರಿಗೂ ಹೇಳಿದೆ: "ಇನ್ನು ಯಾರ್ ಕರುದ್ರೂ ಈ ಪುಟ್ಟಬಸವಯ್ಯ ತಮಟೆ ಇಡಿಯಾಕಿಲ್ಲ ಕಣ್ರಪ್ಪಾ." ತಮಟೆಯನ್ನು ನಿನ್ನ ಅವ್ವನ ಕೈಗೆ ಕೊಟ್ಟು ಹೊಳೆಗೆ ಹಾಕಿಸಿದೆ.

ಆಮೇಲೆ ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ನಂಜನಗೂಡಿಗೆ ಬಂದೆವು. ನಲವತ್ತೇಳರ ವಯಸ್ಸಿನಲ್ಲಿ ಅಡುಗೆ ಕಲಿತೆ. ಅದಕ್ಕೆ ಎರಡು ವರ್ಷ ಮೊದಲು ಅಕ್ಷರ ಕಲಿತಿದ್ದೆ. ಈಗ ಯಾರ ಮನೆಯ ಬಾಗಿಲಲ್ಲೂ ಕೈಕಟ್ಟಿ ನಿಲ್ಲುವವನಲ್ಲ. ನಾನು ಬಿಟ್ಟದ್ದನ್ನು ಏಳು ಸಮುದ್ರದ ಆಚೆ ನೀನು ಹೆಕ್ಕಿಕೊಂಡಿದ್ದೀ. ನರ್ಸಿನ ಕೆಲಸ ಮಾಡು, ಸಾಕು.

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಕೂಗಾಡುತ್ತೇನೆ. ಕಾಗದದಲ್ಲಾದರೆ ಇಬ್ಬರಿಗೂ ಮರ್ಯಾದೆ.

ಜೈಭೀಮ್
ಪುಟ್ಟಬಸವಯ್ಯ


ಸ್ಯಾನ್ ಫರ್ನಾಂಡೊ
3-3-2004

ಅಪ್ಪ,

ಬೈಗುಳ ಬಂದು ಸೇರಿತು. ಎರಡು ಸಲ ಓದಿದೆ. ನಿನ್ನ ಅಕ್ಷರ ಮೊದಲಿಗಿಂತ ದುಂಡಗಾಗಿದೆ.

ನನಗೆ ಏನೂ ಮರೆತಿಲ್ಲ. ಬತ್ತಾಸು ಬರಲಿಲ್ಲ ಎಂಬುದೂ ನೆನಪಿದೆ.

ಆದರೆ ಒಂದು ವಿಷಯ ಕೇಳು. ಡೆಸ್ಮಂಡನ ಮುತ್ತಾತಂದಿರನ್ನು ಆಫ್ರಿಕಾದಿಂದ ಹಿಡಿದು ತಂದಿದ್ದರು. ಬಿಡುಗಡೆ ಆದಮೇಲೂ ಸರ್ಕಾರ ಅವರ ಡೋಲುಗಳನ್ನು ನಿಷೇಧಿಸಿತು. ಸದ್ದು ಕೇಳಿದರೆ ದಂಗೆ ಎದ್ದಾರು ಎಂಬ ಭಯ. ಚರ್ಮ ಕಿತ್ತುಕೊಂಡರೆ ಇವರು ಬಿದಿರ ಬೊಂಬು ಹಿಡಿದು ನೆಲಕ್ಕೆ ಕುಟ್ಟಿದರು. ಆಮೇಲೆ ಬಿಸ್ಕತ್ತಿನ ಡಬ್ಬ. ಕೊನೆಗೆ ಯಾರೋ ಬಿಸಾಕಿದ ಎಣ್ಣೆ ಪೀಪಾಯಿ. ಅದೇ ಇವತ್ತಿನ ಪ್ಯಾನು. ನಿನ್ನ ಕಥೆಯನ್ನು ಡೆಸ್ಮಂಡನಿಗೆ ಹೇಳಿದೆ. "ನಮಗೆ ಬಾರಿಸಬೇಡ ಎಂದರು, ನಿಮ್ಮಪ್ಪನಿಗೆ ಬಾರಿಸಲೇಬೇಕು ಎಂದರು. ಹೇಳಿದವರು ಒಂದೇ ಜಾತಿಯ ಜನ" ಎಂದ.

ಇನ್ನೊಂದು ತೊಡಕು. ನಮ್ಮ ಡ್ರಮ್ಸಿನವನು ನಾಲ್ಕು ನಾಲ್ಕಾಗಿ ಎಣಿಸಿ ಬೆಳೆದವನು. ನಿನ್ನ ಬಡಿತದಲ್ಲಿ ಏಳು ಇವೆ. ಪ್ರತಿ ಸಲ ಎಡವುತ್ತಾನೆ. ನೀನು ಬಾರಿಸುವುದು ಬೇಡ, ಹೇಳಿಕೊಟ್ಟರೆ ಸಾಕು. ಬಾಯಲ್ಲಿ ಹೇಳುವುದಿಲ್ಲ ಎಂದು ಕಟ್ಟೆಯ ಮುಂದೆ ಏನೂ ಹೇಳಿರಲಿಲ್ಲವಲ್ಲ.

ಕೋಮಲ


ನಂಜನಗೂಡು
28-3-2004

ಕೋಮಲಗೆ,

ವಕೀಲಿಕೆ ಓದಿಸಬೇಕಿತ್ತು ನಿನ್ನ. ತಪ್ಪಿಹೋಯಿತು.

ಆ ಮುದುಕ ಹೇಳಿದ ಮಾತನ್ನು ಪಾತ್ರೆ ತೊಳೆಯುವ ಚಿಕ್ಕಸ್ವಾಮಿಗೆ ಓದಿ ಹೇಳಿದೆ. ಅವನು ತಿಕ್ಕುತ್ತಿದ್ದ ಕೊಳಗವನ್ನು ಕೆಳಗಿಟ್ಟು, "ಎಲ್ಲಾ ಕಡೆನೂವೆ ಇರೋದು ಇವ್ರೇಯ ಕನಣ್ಣೋ" ಎಂದ. ಡೆಸ್ಮಂಡನಿಗೆ ನನ್ನ ನಮಸ್ಕಾರ ಹೇಳು. ಸೊಂಟಕ್ಕೆ ಬಿಸಿನೀರಿನ ಶಾಖ ಬಿಡಬೇಡ ಎನ್ನು.

ನಿನ್ನ ಡ್ರಮ್ಸಿನವನು ಎಣಿಸುವುದನ್ನು ನಿಲ್ಲಿಸಬೇಕು. ನಾನು ಒಂದು ದಿನವೂ ಎಣಿಸಿದವನಲ್ಲ. ಏಳು ಎನ್ನುವುದೂ ನಿನ್ನ ಕಾಗದದಿಂದ ಗೊತ್ತಾಯಿತು. ಅದು ಹೆಣ ಹೊತ್ತವರ ನಡಿಗೆ. ನಾಲ್ಕು ಜನ, ನಾಲ್ಕು ಎತ್ತರ, ಕೆಳಗೆ ಗದ್ದೆ ಬದು. ಭಾರ ಬಿದ್ದ ಭುಜದ ಕಡೆಯ ಹೆಜ್ಜೆ ಮೋಟಾಗುತ್ತದೆ, ಆಚೆ ಕಡೆಯದು ಉದ್ದವಾಗುತ್ತದೆ. ಮೋಟಿಗೆ ಮೂರು, ಉದ್ದಕ್ಕೆ ನಾಲ್ಕು, ಅದೇ ನಿನ್ನ ಏಳು. ತಮಟೆಯವನು ಮುಂದೆ ಹೋಗುತ್ತಾನಾದರೂ ಅವನ ಕಿವಿ ಹಿಂದಿನವರ ಕಾಲಲ್ಲಿ ಇರುತ್ತದೆ. ನಿನ್ನ ಹುಡುಗನ ಹೆಗಲ ಮೇಲೆ ಒಂದು ಮೂಟೆ ಹೊರಿಸಿ ಏರು ತಗ್ಗಿನಲ್ಲಿ ನಡೆಸು. ಬರುತ್ತದೆ.

ಮತ್ತೆ ನೀನು ಬರೆದ ಜಾಸಿನ ಸಂಗತಿ. ಅದೇನು ಹೊಸದಲ್ಲ. ನಾನೂ ನಿನ್ನವ್ವನ ತಮ್ಮ ಮಾದಪ್ಪನೂ ಜೋಡಿ ಬಾರಿಸುವಾಗ ಅವನು ಬಡಿತವನ್ನು ಹಿಡಿದಿರುತ್ತಿದ್ದ, ನಾನು ಬಿಟ್ಟು ಓಡುತ್ತಿದ್ದೆ. ನಾನು ವಾಪಸ್ಸು ಬರುವ ಜಾಗ ಅವನಿಗೆ ಮಾತ್ರ ಗೊತ್ತು. ಹಿಡಿಯುವವನು ಗಟ್ಟಿಯಿಲ್ಲದಿದ್ದರೆ ಬಿಡುವವನು ದಾರಿ ತಪ್ಪುತ್ತಾನೆ. ನಿಮ್ಮಲ್ಲಿ ಯಾರು ಹಿಡಿಯುವವರು ಎಂದು ಮೊದಲು ನೋಡಿಕೊಳ್ಳಿ.

ಕ್ಯಾಸೆಟ್ ಕೇಳಿಲ್ಲ. ಟ್ರಂಕಿನಲ್ಲಿದೆ.

ಜೈಭೀಮ್
ಅಪ್ಪ


ಸ್ಯಾನ್ ಫರ್ನಾಂಡೊ
20-4-2004

ಅಪ್ಪ,

ಅಂಗಳದಲ್ಲಿ ಇಟ್ಟಿಗೆ, ಹಲಗೆ ಎಲ್ಲ ಹಾಕಿ ಬದು ಮಾಡಿದೆವು. ಡ್ರಮ್ಸಿನವನ ಹೆಗಲಿಗೆ ಇಪ್ಪತ್ತೈದು ಕಿಲೊ ಅಕ್ಕಿ ಮೂಟೆ. ಮೊದಲು ನಕ್ಕ. ಮೂರನೆಯ ಸುತ್ತಿಗೆ ನಗು ನಿಂತಿತು. ಐದನೆಯ ಸುತ್ತಿಗೆ ಮೂಟೆ ಎಸೆದು ಓಡಿಹೋಗಿ ಡ್ರಮ್ಸಿನ ಮುಂದೆ ಕೂತ. ಆಮೇಲೆ ಅವನು ಒಂದು ಸಲವೂ ಎಡವಿಲ್ಲ.

ಹಿಡಿಯುವವಳು ನಾನೇ. ಇಷ್ಟು ದಿನ ನನಗೂ ಗೊತ್ತಿರಲಿಲ್ಲ, ನಿನ್ನ ಕಾಗದ ಓದಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಕಾರ್ಯಕ್ರಮದ ಪಟ್ಟಿಯಲ್ಲಿ ಗುಂಪಿನವರ ಹೆಸರು ಕೇಳಿದಾಗ ಡೆಸ್ಮಂಡ್ ಆರನೆಯದಾಗಿ ನಿನ್ನ ಹೆಸರು ಬರೆಸಿದ್ದಾನೆ: ಪುಟ್ಟಬಸವಯ್ಯ, ನಂಜನಗೂಡು. ಉಚ್ಚರಿಸಲು ಅವನಿಗೆ ಎರಡು ವಾರ ಹಿಡಿಯಿತು. ಹಾಗಾಗಿ ನಿಮ್ಮ ಗುಂಪು ಏನು ನುಡಿಸುತ್ತಿದೆ ಎಂದು ಕೇಳುವುದು ಈಗ ನಿನ್ನ ಜವಾಬ್ದಾರಿ. ಟ್ರಂಕು ತೆಗಿ.

ಕೋಮಲ


ನಂಜನಗೂಡು
14-5-2004

ಕೋಮಲಗೆ,

ಬೇಸಿಗೆ ರಜ, ಹಾಸ್ಟೆಲು ಖಾಲಿ. ವಾರ್ಡನ್ನರ ಟೇಪ್ ರೆಕಾರ್ಡರ್ ತಂದು ಅಡುಗೆಮನೆಯಲ್ಲಿ ಇಟ್ಟುಕೊಂಡು ಕೇಳಿದೆ. ಮೂರು ಸಲ.

ಹೇಳಬೇಕಾದ್ದನ್ನು ಹೇಳುತ್ತೇನೆ. ನಿನ್ನ ಕೈ ಚೆನ್ನಾಗಿದೆ. ಬಲಗೈ ನನ್ನದೇ. ಎಡಗೈ ಯಾರದೋ ಗೊತ್ತಿಲ್ಲ, ನನ್ನದಕ್ಕಿಂತ ಚುರುಕು. ಆ ಪೀಪಾಯಿಯ ಸದ್ದು ಮೊದಲು ಬೇಡವೆನಿಸಿತು, ಎರಡನೆಯ ಸಲ ಅಲ್ಲಿ ಬೇರೆ ಏನಿದ್ದರೂ ಕೆಡುತ್ತದೆ ಎನಿಸಿತು. ಊದುವವನು ನಡುವೆ ಒಂದು ಕಡೆ ಎದೆ ಹಿಂಡಿಬಿಟ್ಟ. ಯಾರ ಮಗನೋ, ಚೆನ್ನಾಗಿರಲಿ.

ಆದರೆ ನೀನು ದೊಡ್ಡ ತಪ್ಪು ಮಾಡಿದ್ದೀ. ನೀನು ನಿಲ್ಲಿಸಿರುವ ಜಾಗ ಬಡಿತದ ಕೊನೆಯಲ್ಲ.

ಹುಣಸೆಮರದ ಹತ್ತಿರ ಚಟ್ಟ ಇಳಿಸುತ್ತಾರೆ. ಊರ ಕಡೆ ಇದ್ದ ತಲೆಯನ್ನು ಆಚೆ ಕಡೆಗೆ ತಿರುಗಿಸಿ, ಭುಜ ಬದಲಾಯಿಸಿ ಎತ್ತುತ್ತಾರೆ. ಅಷ್ಟು ಹೊತ್ತು ತಮಟೆ ನಿಲ್ಲುತ್ತದೆ. ನಮ್ಮೂರಿನಲ್ಲಿ ಹೆಂಗಸರು ಅಲ್ಲಿಂದ ವಾಪಸ್ಸು. ಚಿಕ್ಕಂದಿನಲ್ಲಿ ನೀನು ಕೇಳಿರುವುದು ಅಲ್ಲಿವರೆಗೆ ಮಾತ್ರ. ತಮಟೆ ನಿಂತಿತು, ನಿನ್ನವ್ವ ನಿನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು, ನೀನು ಅದೇ ಮುಕ್ತಾಯ ಎಂದುಕೊಂಡೆ. ಅದರಾಚೆಗೆ ಇನ್ನೂ ಒಂದು ಬಡಿತ ಇದೆ. ಗುಂಡಿಯವರೆಗೆ ಹೋಗುವುದು, ಸುತ್ತು ಬರುವುದು, ಕಳಿಸಿಕೊಡುವುದು. ಅದಿಲ್ಲದೆ ಯಾರೂ ಹೋಗಿ ಸೇರುವುದಿಲ್ಲ.

ಅವ್ವನ ಹೆಸರು ಇಟ್ಟು, ಅವಳನ್ನು ಹುಣಸೆಮರದ ಕೆಳಗೆ ಇಳಿಸಿ, ನೀವೆಲ್ಲ ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಹೋಗುತ್ತೀರಿ. ಅವಳು ಅಲ್ಲೇ ನಿಂತಿರುತ್ತಾಳೆ. ಒಂದೋ ಹೆಸರು ತೆಗಿ, ಇಲ್ಲ ಅದನ್ನು ನುಡಿಸಬೇಡ.

ಮುಂದಿನದು ಬಾಯಲ್ಲಿ ಹೇಳಲು ಬರುವಂಥದಲ್ಲ. ಬಾರಿಸಿಯೇ ತೋರಿಸಬೇಕು. ನಾನು ಬಾರಿಸುವುದಿಲ್ಲ.

ಅಪ್ಪ


ಸ್ಯಾನ್ ಫರ್ನಾಂಡೊ
6-6-2004

ಅಪ್ಪ,

ನಾನು ಅವಳನ್ನು ಅಲ್ಲಿ ನಿಲ್ಲಿಸಿದೆ ಎಂದು ಬರೆದಿದ್ದೀ. ನಿಲ್ಲಿಸಿದವಳು ನಾನಾ?

ತೊಂಬತ್ತೆಂಟರಲ್ಲಿ ಅವ್ವ ಹೋದಾಗ ನನಗೆ ಇಪ್ಪತ್ತೊಂದು. ಅವಳ ಮಾತಿನಂತೆ ಊರಿಗೇ ತಂದೆವು. ಮಾದಪ್ಪ ಮಾವ ತಮಟೆ ಕಾಯಿಸಿಕೊಂಡು ಬಂದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ, ಅವನಾಗಿಯೇ ಬಂದಿದ್ದ. ನೀನು "ಓಗ್ಲಾ ಆಚೆಗೆ" ಎಂದೆ. ಅವನು ಕಣ್ಣೊರೆಸಿಕೊಂಡು ಹೋದ. ಅವ್ವನನ್ನು ಸದ್ದಿಲ್ಲದೆ ಹೊತ್ತುಕೊಂಡು ಹೋದಿರಿ. ಹುಣಸೆಮರದ ಹತ್ತಿರ ನನ್ನನ್ನು ವಾಪಸ್ಸು ಕಳಿಸಿದಿರಿ. ಊರಿಗೆಲ್ಲ ತಮಟೆ ಬಾರಿಸಿದವನ ಹೆಂಡತಿಗೆ ಒಂದು ಏಟೂ ಇಲ್ಲ.

ಆರು ವರ್ಷದಿಂದ ಇದನ್ನು ಕೇಳಬೇಕೆಂದಿದ್ದೆ. ನಿನ್ನ ಛಲ ನನಗೆ ಹೆಮ್ಮೆಯೇ, ಅದರಿಂದಲೇ ನಾನು ಇಲ್ಲಿದ್ದೇನೆ. ಆದರೆ ಅವತ್ತು ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಆ ಸಿಟ್ಟಿನಲ್ಲೇ ಈ ಹಾಡು ಕಟ್ಟಿದ್ದು.

ಹೆಸರು ತೆಗೆಯುವುದಿಲ್ಲ. ನುಡಿಸುವುದನ್ನೂ ಬಿಡುವುದಿಲ್ಲ. ಕೊನೆ ಗೊತ್ತಿಲ್ಲದಿದ್ದರೆ ಕೊನೆಯಿಲ್ಲದೆಯೇ ನುಡಿಸುತ್ತೇನೆ.

ಕೋಮಲ


ನಂಜನಗೂಡು
2-7-2004

ಮಗಳು ಕೋಮಲಗೆ,

ನಿನ್ನ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿ ಇಟ್ಟುಕೊಂಡೇ ಮುದ್ದೆ ಕಟ್ಟಿದೆ. ಐದನೆಯ ದಿನ ವಾರ್ಡನ್ನರ ಹತ್ತಿರ ರಜ ಕೇಳಿದೆ, ಜೊತೆಗೆ ಟೇಪ್ ರೆಕಾರ್ಡರನ್ನೂ ಕೇಳಿದೆ. ಹೊಸ ಸೆಲ್ಲು ಹಾಕಿಸಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಊರಿಗೆ ನಡೆದೆ.

ಮಾದಪ್ಪ ಜಗುಲಿಯ ಮೇಲೆ ಕೂತಿದ್ದ. ನನ್ನ ನೋಡಿ ಏಳಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಅವತ್ತು ಅವನನ್ನು ವಾಪಸ್ಸು ಕಳಿಸಿದ್ದು ತಪ್ಪು ಎಂದೆ. ಅವನು ಎದ್ದು ಒಳಗೆ ಹೋಗಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿಕೊಂಡು ಬಂದ. ಬಿಚ್ಚಿದರೆ ನನ್ನ ತಮಟೆ. ಹೊಳೆಗೆ ಹಾಕು ಎಂದು ನಿನ್ನವ್ವನ ಕೈಗೆ ಕೊಟ್ಟದ್ದು.

"ಅಕ್ಕ ಒಳೆಗ್ ಆಕ್ನಿಲ್ಲ ಕಣ್ ಬಾವೋ. ನಂಗ್ ಕೊಟ್ಟು, ಮಡಿಕೊಂಡಿರು ಅಂದ್ಲು. ವರ್ಸಕ್ಕೊಂದ್ಸಲ ಬಂದು ಅರಳೆಣ್ಣೆ ಸವರ್ಬುಟ್ಟು ಓಯ್ತಿದ್ಲು. ಅವ್ಳು ಓದ್ ಮ್ಯಾಲೆ ನಾನೇ ಸವರ್ತಾ ಇವ್ನಿ."

ವರ್ಷ ವರ್ಷ ತವರಿಗೆ ಹೋಗಿಬರುತ್ತೇನೆ ಎಂದು ನನಗೆ ಹೇಳಿ ಹೋಗುತ್ತಿದ್ದಳಲ್ಲ, ಇದಕ್ಕೆ. ಹನ್ನೊಂದು ವರ್ಷವಾದರೂ ಚರ್ಮ ಒಂದು ಕಡೆಯೂ ಬಿರಿದಿಲ್ಲ. ನಾನು ಅಲ್ಲೇ ಜಗುಲಿಯ ಮೇಲೆ ಅತ್ತೆ. ಮುಚ್ಚಿಡುವುದೇನು, ಅತ್ತೆ.

ಹುಣಸೆಮರದ ಕೆಳಗೆ ಹುಲ್ಲು ಉರಿಸಿ ಕಾಯಿಸಿದೆವು. ಮಟಮಟ ಮಧ್ಯಾಹ್ನ. ಟೇಪ್ ರೆಕಾರ್ಡರನ್ನು ಟವಲಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಮೊದಲ ಏಟಿಗೇ ಗದ್ದೆಯಲ್ಲಿದ್ದವರು ತಲೆಯೆತ್ತಿದರು. ದೊಡ್ಡಮನೆಯವರ ಪೈಕಿ ಮುದುಕನೊಬ್ಬ ಬದುವಿನ ಮೇಲೆ ಬಂದು ನಿಂತ.

"ಯಾರ್ ಸತ್ತೋರ್ಲಾ ಪುಟ್ಟಬಸವ?"

"ನನ್ ಎಂಡ್ರು ಕಣಪ್ಪ. ಆರ್ ವರ್ಸ ಆಯ್ತು."

"ನಿನ್ನ ಯಾರ್ ಕರುದ್ರು?"

"ಯಾರೂ ಕರೀನಿಲ್ಲ. ನಾನೇ ಬಂದೆ."

ಕಟ್ಟೆಯ ಮುಂದೆ ನಾನು ಹೇಳಿದ್ದೂ ಅಷ್ಟೇ ಅಲ್ಲವಾ, ಯಾರು ಕರೆದರೂ ಹಿಡಿಯುವುದಿಲ್ಲ ಎಂದು. ಅವತ್ತು ಮಾದಪ್ಪನೂ ಯಾರೂ ಕರೆಯದೆಯೇ ಬಂದಿದ್ದ, ನನಗೆ ಆಗ ಅದು ಕಾಣಲಿಲ್ಲ. ನಿನ್ನ ಕಾಗದದಲ್ಲಿ ಕಂಡಿತು.

ಕ್ಯಾಸೆಟ್ ಈ ಕಾಗದದ ಜೊತೆ ಇದೆ. ಮರದಿಂದ ಸಮಾಧಿಯವರೆಗೆ, ಆಮೇಲೆ ಎಡಕ್ಕೆ ಮೂರು ಸುತ್ತು. ಸುತ್ತುವಾಗ ಒಬ್ಬೊಬ್ಬರೇ ಬಾರಿಸುವುದನ್ನು ಬಿಡುತ್ತಾ ಬರಬೇಕು. ಹಿಂದೆಲ್ಲ ಆರು ಜನ ಇರುತ್ತಿದ್ದೆವು. ಇಲ್ಲಿ ಮೊದಲು ಮಾದಪ್ಪ ಬಿಡುತ್ತಾನೆ, ಆಮೇಲೆ ನಾನು. ನಿಮ್ಮವರೂ ಹಾಗೇ ಬಿಡಲಿ, ಊದುವವನು ಮೊದಲು, ಡೆಸ್ಮಂಡ್ ಕೊನೆಗೆ.

ಕೊನೆಯ ಒಂದು ಏಟು ಕ್ಯಾಸೆಟ್ಟಿನಲ್ಲಿ ಇಲ್ಲ. ಮರೆತಿದ್ದಲ್ಲ. ಅದನ್ನು ತಮಟೆಯವನು ಹೊಡೆಯುವುದಿಲ್ಲ, ಕಡ್ಡಿಯನ್ನು ಸತ್ತವರ ಮಗನ ಕೈಗೆ ಕೊಡುತ್ತಾನೆ. ಚರ್ಮದ ಮೇಲಲ್ಲ, ಅಂಚಿನ ಬಳೆಯ ಮೇಲೆ ಒಂದೇ ಏಟು. ಹೊಡೆದು, ತಿರುಗಿ ನೋಡದೆ ಹೊರಟುಬಿಡಬೇಕು. ಮಗನಿಲ್ಲದಿದ್ದರೆ ಅಣ್ಣತಮ್ಮಂದಿರ ಮಗ ಎಂದು ವಾಡಿಕೆ. ಮಾದಪ್ಪ ತನ್ನ ಮಗನನ್ನು ಕರೆಯಲು ಹೊರಟ. ನಾನು ಬೇಡವೆಂದೆ. ಚಿಕ್ಕಮಾದಮ್ಮನಿಗೆ ಮಗಳಿದ್ದಾಳೆ ಎಂದೆ.

ನಿನ್ನ ಕೈಗೆ ನಾನು ಎಂದೂ ಕಡ್ಡಿ ಕೊಡಲಿಲ್ಲ ಎಂದು ನೀನು ಬರೆದಿದ್ದೆ. ನನ್ನ ದಪ್ಪ ಕಡ್ಡಿಯನ್ನು ಇದೇ ಪೊಟ್ಟಣದಲ್ಲಿ ಇಟ್ಟಿದ್ದೇನೆ.

ನಿನ್ನ
ಅಪ್ಪ


ಸ್ಯಾನ್ ಫರ್ನಾಂಡೊ
2-8-2004

ಅಪ್ಪ,

ಪೊಟ್ಟಣ ಕಾರ್ಯಕ್ರಮಕ್ಕೆ ಎಂಟು ದಿನ ಮುಂಚೆ ಬಂತು. ಅಂಗಳದಲ್ಲಿ ಎಲ್ಲರೂ ಕೂತು ಕ್ಯಾಸೆಟ್ ಕೇಳಿದೆವು. "ನಾನೇ ಬಂದೆ" ಎಂಬ ಮಾತೂ ಅದರಲ್ಲಿ ಸೇರಿದೆ. ಏನು ಎಂದು ಡೆಸ್ಮಂಡ್ ಕೇಳಿದ. ಹೇಳಿದೆ. ಎದ್ದು ಹೋಗಿ ತನ್ನ ಪ್ಯಾನನ್ನು ಒರೆಸುತ್ತಾ ನಿಂತ.

ನಿನ್ನೆ ನುಡಿಸಿದೆವು. ಹುಣಸೆಮರದ ಹತ್ತಿರ ನಿಲ್ಲಿಸಿದಾಗ ಜನ ಮುಗಿಯಿತೆಂದು ಚಪ್ಪಾಳೆಗೆ ಕೈಯೆತ್ತಿದರು. ಅಷ್ಟರಲ್ಲಿ ಭುಜ ಬದಲಾಯಿಸಿ ಎತ್ತಿಕೊಂಡೆವು. ಮೂರು ಸುತ್ತು. ಊದುವವನು ಬಿಟ್ಟ, ಪಿಯಾನೊ ಬಿಟ್ಟಿತು, ಡ್ರಮ್ಸು ಬಿಟ್ಟಿತು, ನಾನೂ ತಾಸಾ ಬಿಟ್ಟೆ. ಡೆಸ್ಮಂಡ್ ಒಂದೇ ಸ್ವರವನ್ನು ಇಷ್ಟಿಷ್ಟೇ ಸಣ್ಣದು ಮಾಡುತ್ತಾ ಬಂದು ಅವನೂ ಬಿಟ್ಟ. ಅಷ್ಟು ದೊಡ್ಡ ಮೈದಾನದಲ್ಲಿ ಒಂದು ಮಗು ಅಳುವುದು ಮಾತ್ರ ಕೇಳುತ್ತಿತ್ತು.

ನಿನ್ನ ಕಡ್ಡಿ ತಗೊಂಡು ಅವನ ಪ್ಯಾನಿನ ಅಂಚಿಗೆ ಒಂದೇ ಏಟು ಹೊಡೆದೆ. ತಿರುಗಿ ನೋಡದೆ ಮೆಟ್ಟಿಲು ಇಳಿದು ಬಂದೆ. ಜನ ಏನು ಮಾಡಿದರೋ ನನಗೆ ಗೊತ್ತಿಲ್ಲ, ನಾನು ನೋಡಲಿಲ್ಲ.

ಅವ್ವ ಈಗ ಅಲ್ಲಿ ನಿಂತಿಲ್ಲ ಅಪ್ಪ.

ಚಿಕ್ಕಮಾದಮ್ಮನ ಮಗಳು
ಕೋಮಲ